ಭಾರತದ ಬಿಡುಗಡೆಗೆ ಕಾಯಬೇಕೆ, ಹೊರದೇಶದ ಪ್ರತಿಯನ್ನೇ ತರಿಸಬೇಕೆ?

ಜಯನಗರ ಜಾಯ್‌ಸ್ಟಿಕ್:

ಹೊರದೇಶಗಳಲ್ಲಿ ಬಿಡುಗಡೆಯಾದ ವಿಡಿಯೊ ಗೇಮ್‌ಗಳನ್ನು ಅಲ್ಲಿಂದಲೇ ತರಿಸಿಕೊಳ್ಳುವುದು ಲೇಸೋ, ಭಾರತದ ಅಧಿಕೃತ ಬಿಡುಗಡೆಗಾಗಿ ಕಾಯುವುದು ಲೇಸೋ ಎಂಬುದರ ಬಗ್ಗೆ ಇಲ್ಲಿನ ಅನುಭವಸ್ಥರ ಅಭಿಪ್ರಾಯ ಬೇಕಾಗಿದೆ. ನನ್ನ ಬಳಿ ಇಲ್ಲೇ ಕೊಂಡ ಪಿಎಸ್5 (ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5) ಇದೆ, ಅದರ ಖಾತೆಯೂ ಭಾರತದ್ದೇ. ಇದರ ಜೊತೆಗೆ ಮನೆಯಲ್ಲಿ ಮಕ್ಕಳಿಗಾಗಿ ನಿಂಟೆಂಡೊ ಸಂಸ್ಥೆಯ ಗೇಮ್ ಯಂತ್ರ ಸ್ವಿಚ್ 2 ತೆಗೆದುಕೊಳ್ಳುವ ಮಾತು ನಡೆದಿದೆ. ಅಮೆರಿಕದಲ್ಲಿರುವ ಭಾವಮೈದುನ ಬರುವಾಗ ಏನು ಬೇಕಾದರೂ ತರುತ್ತೇನೆ ಎನ್ನುತ್ತಾರೆ, ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಲ್ಲಿ ವಿಚಾರಿಸಿದರೆ «ದುಬೈ ಪೀಸ್ ಇದೆ ಸರ್, ಇಂಡಿಯಾ ಪೀಸ್‌ಗೆ ಕಾಯಬೇಡಿ» ಎನ್ನುತ್ತಾರೆ. ಹಣ, ವಾರಂಟಿ, ಮುಂದೆ ಬರುವ ತೊಡಕುಗಳು, ಈ ಮೂರನ್ನೂ ಗಮನದಲ್ಲಿಟ್ಟುಕೊಂಡು ಉತ್ತರಿಸಿದರೆ ಉಪಕಾರವಾಗುತ್ತದೆ.

ಹಳೇ ಕಾರ್ಟ್ರಿಜ್:

ಪಿಎಸ್5 ಮತ್ತು ಸ್ವಿಚ್ ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿದ್ದೀರಿ. ಅವುಗಳಿಗೆ ಒಂದೇ ಉತ್ತರ ಹೊಂದುವುದಿಲ್ಲ. ಕಾಯುವುದಕ್ಕೆ ಅರ್ಥವಿರಬೇಕಾದರೆ ಇಲ್ಲಿ ಬಿಡುಗಡೆ ಮಾಡುತ್ತೇವೆಂದು ಯಾರಾದರೂ ಮಾತು ಕೊಟ್ಟಿರಬೇಕು. ಪಿಎಸ್5 ಆಟಗಳಿಗೆ ಅಂಥ ಮಾತು ಬಹುಮಟ್ಟಿಗೆ ಇರುತ್ತದೆ. ನಿಂಟೆಂಡೊ ಸಂಸ್ಥೆಯಾದರೋ ಸ್ವಿಚ್ ಅನ್ನು 2017ರ ಮಾರ್ಚ್ 3ರಂದು ಹೊರತಂದಾಗಲೂ ಸ್ವಿಚ್ 2 ಅನ್ನು 2025ರ ಜೂನ್ 5ರಂದು ಹೊರತಂದಾಗಲೂ ಭಾರತವನ್ನು ಪಟ್ಟಿಯಲ್ಲಿ ಸೇರಿಸಲಿಲ್ಲ, ಭಾರತಕ್ಕೆಂದು ಈಶಾಪ್ (ಅದರ ಆನ್‌ಲೈನ್ ಆಟದಂಗಡಿ) ಕೂಡ ತೆರೆದಿಲ್ಲ. ಹೀಗಿರುವಾಗ ನಮ್ಮ ದೇಶದಲ್ಲಿ ಆಡುತ್ತಿರುವ ಸ್ವಿಚ್‌ಗಳೆಲ್ಲ ಒಂದಲ್ಲ ಒಂದು ದಾರಿಯಲ್ಲಿ ಹೊರಗಿನಿಂದ ಬಂದವೇ.

ನಮ್ಮ ಪೀಳಿಗೆಗೆ ಆಮದು ಎಂಬುದು ಅಭ್ಯಾಸವಾಗಿ ಹೋಗಿತ್ತು, ಅದಕ್ಕೆ ಕಾರಣಗಳೂ ಇದ್ದವು. ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್ ಅಮೆರಿಕ ಮತ್ತಿತರ ದೇಶಗಳಲ್ಲಿ 2013ರ ನವೆಂಬರ್ 22ರಂದು ಮಾರಾಟಕ್ಕೆ ಬಂದರೆ, ಭಾರತಕ್ಕೆ ಅದು ಕಾಲಿಟ್ಟದ್ದು 2014ರ ಸೆಪ್ಟೆಂಬರ್ 23ರಂದು, ಅಂದರೆ ಹತ್ತು ತಿಂಗಳ ನಂತರ. ಪಿಎಸ್5 ಕೂಡ 2020ರ ನವೆಂಬರ್‌ನಲ್ಲಿ ಬಿಡುಗಡೆಯಾಗಿದ್ದರೂ ನಮಗೆ 2021ರ ಫೆಬ್ರುವರಿ 2ರಂದು ಸಿಕ್ಕಿತು. ನಡುವಿನ ಆ ವಾರಗಳಲ್ಲಿ ಅಂಗಡಿಗಳ ಒಳಕೋಣೆಯಲ್ಲಿ ಅದಕ್ಕೆ ಕೇಳುತ್ತಿದ್ದ ಬೆಲೆಯನ್ನು ಇಲ್ಲಿ ಅನೇಕರು ಬಲ್ಲರು.

ಆಟಗಳ ವಿಷಯದಲ್ಲಿ ನಾನು ಸದಾ ಕೊಡುವ ಉದಾಹರಣೆ ಡೀಮನ್ಸ್ ಸೋಲ್ಸ್. 2009ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಬಂದ ಆ ಆಟದ ಏಷ್ಯಾ ಆವೃತ್ತಿ, ಪೂರ್ತಿ ಇಂಗ್ಲಿಷ್ ಪಠ್ಯದೊಂದಿಗೆ, ಅದೇ ತಿಂಗಳ ಕೊನೆಗೆ ಹಾಂಗ್‌ಕಾಂಗ್‌ನಲ್ಲಿ ಮಾರಾಟವಾಗುತ್ತಿತ್ತು. ಅಮೆರಿಕಕ್ಕೆ ಅದು ಅಕ್ಟೋಬರ್‌ನಲ್ಲಿ ಬಂದಿತು. ಸೋನಿಯ ವಿಂಗಡಣೆಯಲ್ಲಿ ನಮ್ಮ ದೇಶವನ್ನು ತನ್ನ ಜೊತೆಗೆ ಕಟ್ಟಿಕೊಂಡಿದ್ದ ಯುರೋಪ್ ಪ್ರದೇಶಕ್ಕೆ ಬರುವಷ್ಟರಲ್ಲಿ 2010ರ ಜೂನ್ ಮುಗಿಯುತ್ತಾ ಬಂದಿತ್ತು. ಪಿಎಸ್3 ಡಿಸ್ಕ್‌ಗಳಿಗೆ ಪ್ರದೇಶದ ಬೀಗ (ಒಂದು ಪ್ರದೇಶದ ಆಟ ಇನ್ನೊಂದು ಪ್ರದೇಶದ ಯಂತ್ರದಲ್ಲಿ ಓಡದಂತೆ ಮಾಡುವ ತಡೆ) ಇರಲಿಲ್ಲವಾದ್ದರಿಂದ ಹಾಂಗ್‌ಕಾಂಗ್ ಪ್ರತಿ ಇಲ್ಲಿನ ಯಂತ್ರದಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ಹದಿನಾರು ತಿಂಗಳು ಕಾದವರಿಗೆ ಹೆಚ್ಚಿಗೆ ಏನು ಸಿಕ್ಕಿತು ಎಂದು ಯಾರಾದರೂ ಹೇಳಲಿ.

ಇನ್ನು ಫಾಲ್‌ಔಟ್ 3. ಭಾರತದ ಸಾಂಸ್ಕೃತಿಕ ಸೂಕ್ಷ್ಮತೆಗಳನ್ನು ಕಾರಣವಾಗಿ ಮುಂದಿಟ್ಟು, 2008ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಅದರ ಎಕ್ಸ್‌ಬಾಕ್ಸ್ 360 ಆವೃತ್ತಿಯನ್ನು ಇಲ್ಲಿ ಬಿಡುಗಡೆ ಮಾಡುವುದಿಲ್ಲವೆಂದು ಪ್ರಕಟಿಸಿತು. ಆ ಆಟದಲ್ಲಿ ಎರಡು ತಲೆಯ ದನಕ್ಕೆ «ಬ್ರಾಹ್ಮಿನ್» ಎಂಬ ಹೆಸರಿರುವುದೇ ಇದಕ್ಕೆ ಮೂಲ ಎಂದು ಆಗ ಎಲ್ಲರೂ ಊಹಿಸಿದರು, ಸಂಸ್ಥೆ ಮಾತ್ರ ಬಿಡಿಸಿ ಹೇಳಲಿಲ್ಲ. ಎಷ್ಟು ಕಾದರೂ ಬರದ ಆಟ ಅದು, ಆದ್ದರಿಂದ ಎಕ್ಸ್‌ಬಾಕ್ಸ್‌ನಲ್ಲಿ ಆಡಬಯಸಿದವರಿಗೆ ಹೊರದೇಶದ ಪ್ರತಿಯೊಂದೇ ಗತಿಯಾಗಿತ್ತು.

ಧಾರವಾಡ ಪೇಡೆ:

ಹಿರಿಯರು ಹೇಳಿದ್ದೆಲ್ಲ ಸರಿ, ಆದರೆ ಆಟಗಳ ಬಗ್ಗೆ ಅವರು ಕೊಟ್ಟ ಉದಾಹರಣೆಗಳು ಹದಿನೈದು ವರ್ಷ ಹಿಂದಿನವು. ಈಗ ಪಿಎಸ್5ನ ದೊಡ್ಡ ಆಟ ಯಾವುದೇ ಇರಲಿ, ಡಿಜಿಟಲ್ ರೂಪದಲ್ಲಿ ಅಮೆರಿಕ, ಜಪಾನ್, ಭಾರತ ಎಲ್ಲೆಡೆ ಒಂದೇ ದಿನ ತೆರೆದುಕೊಳ್ಳುತ್ತದೆ. ಇನ್ನು ಹಣದ ಲೆಕ್ಕ ನೋಡಿ. ಸೋನಿಯ ಸ್ವಂತ ಆಟವೊಂದರ ಅಮೆರಿಕದ ಬೆಲೆ 69.99 ಡಾಲರ್, ಅಂದರೆ ಈಚಿನ ವಿನಿಮಯ ದರದಲ್ಲಿ ₹6,000 ಆಸುಪಾಸು, ಅದರ ಮೇಲೆ ಆಯಾ ರಾಜ್ಯದ ಮಾರಾಟ ತೆರಿಗೆ ಬೇರೆ. ಅಂಥದೇ ಆಟಗಳು ಭಾರತದಲ್ಲಿ ಜಿಎಸ್‌ಟಿ ಸೇರಿ ₹4,999ರ ಎಂಆರ್‌ಪಿಯಲ್ಲಿ ಬಂದಿವೆ, ಅಂಗಡಿಯಾತ ಅದರಲ್ಲೂ ಒಂದಿಷ್ಟು ಬಿಡುತ್ತಾನೆ. ಹೀಗಿರುವಾಗ ಭಾವಮೈದುನನಿಂದ ಪಿಎಸ್5 ಡಿಸ್ಕ್ ತರಿಸುವುದು ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ.

ನಾನು ವಿದ್ಯಾರ್ಥಿ. ಆಟ ಮುಗಿಸಿ ಡಿಸ್ಕ್ ಮಾರಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಮುಂದಿನದನ್ನು ಕೊಳ್ಳುವುದು ನನ್ನ ಪದ್ಧತಿ. ಹುಬ್ಬಳ್ಳಿ-ಧಾರವಾಡದಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಡಬ್ಬಿಯ ಬೆನ್ನು ತಿರುಗಿಸಿ ನೋಡುತ್ತಾರೆ. ಭಾರತದ ಸ್ಟಿಕ್ಕರ್ ಇಲ್ಲದಿದ್ದರೆ ಬೆಲೆ ಅಲ್ಲಿಗೇ ಇಳಿಯುತ್ತದೆ.

ಜಯನಗರ ಜಾಯ್‌ಸ್ಟಿಕ್:

ಪೇಡೆಯವರ ಲೆಕ್ಕ ಮನದಟ್ಟಾಯಿತು, ಆದರೂ ಒಂದು ಸಂದೇಹ. ಹೊರದೇಶದ ಪಿಎಸ್5 ಡಿಸ್ಕ್ ನನ್ನ ಯಂತ್ರದಲ್ಲಿ ಓಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಓಡುವುದಾದರೆ ಉಳಿದ ತೊಡಕು ಯಾವುದು?

ಹಳೇ ಕಾರ್ಟ್ರಿಜ್:

ತೊಡಕು ಡಿಎಲ್‌ಸಿಯಲ್ಲಿದೆ, ಅಂದರೆ ಆಟಕ್ಕೆ ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗಗಳಲ್ಲಿ. ಡಿಸ್ಕ್‌ಗೆ ಬೀಗವಿಲ್ಲ, ಖಾತೆಗೆ ಇದೆ. ಪ್ಲೇಸ್ಟೇಷನ್ ಖಾತೆ ತೆರೆಯುವಾಗ ಆರಿಸಿದ ದೇಶವನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ, ಮತ್ತು ಭಾರತದ ಅಂಗಡಿ ಯುರೋಪ್ ಗುಂಪಿಗೆ ಸೇರಿದ್ದು. ಅಮೆರಿಕದ ಡಿಸ್ಕ್ ಹಾಕಿ, ಭಾರತದ ಅಂಗಡಿಯಲ್ಲಿ ಅದೇ ಆಟದ ಡಿಎಲ್‌ಸಿಗೆ ಹಣ ಕಟ್ಟಿದರೆ, ಅದು ಡೌನ್‌ಲೋಡ್ ಕೂಡ ಆದೀತು, ಆದರೆ ಆಟ ತೆರೆದು ನೋಡಿದರೆ ಹೊಸ ಭಾಗದ ಸುಳಿವೇ ಇರುವುದಿಲ್ಲ. ಹೆಸರು, ಚಿತ್ರ ಎಲ್ಲ ಒಂದೇ ಆದರೂ ಯಂತ್ರದ ದೃಷ್ಟಿಯಲ್ಲಿ ಅವೆರಡೂ ಬೇರೆ ಬೇರೆ ಸಂಕೇತ ಸಂಖ್ಯೆಯ ಬೇರೆ ಬೇರೆ ಆಟಗಳು. ಪಿಎಸ್4 ಡಿಸ್ಕ್‌ನಿಂದ ಪಿಎಸ್5 ಆವೃತ್ತಿಗೆ ಏರುವ ಸೌಲಭ್ಯಕ್ಕೂ ಇದೇ ತೊಡಕು ಎದುರಾಗುತ್ತದೆ. ಡಬ್ಬಿಯೊಳಗೆ ಮುಂಗಡ ಖರೀದಿಯ ಉಡುಗೊರೆಯೆಂದು ಹನ್ನೆರಡು ಅಕ್ಷರಗಳ ಸಂಕೇತವಿರುವ ಚೀಟಿಯೊಂದು ಇರುತ್ತದಲ್ಲ, ಅದು ಅಮೆರಿಕದ್ದಾದರೆ ಭಾರತದ ಖಾತೆಯಲ್ಲಿ ಕೆಲಸಕ್ಕೆ ಬಾರದ ಕಾಗದ.

ಡಬ್ಬಿಯ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಚಿಹ್ನೆಯೊಂದಿಗೆ ಪ್ರದೇಶದ ಸಂಖ್ಯೆಯನ್ನು ಅಚ್ಚು ಹಾಕಿರುವುದುಂಟು. ಭಾರತದ ಖಾತೆಯವರು 2 ಎಂದಿರುವ ಯುರೋಪ್ ಪ್ರತಿ ಸಿಕ್ಕರೆ ಬಹುಮಟ್ಟಿಗೆ ನಿಶ್ಚಿಂತೆಯಿಂದ ಇರಬಹುದು, 1 ಅಥವಾ 3 ಇದ್ದರೆ ಮೂಲ ಆಟವಷ್ಟೇ ತಮ್ಮದು ಎಂದುಕೊಳ್ಳಬೇಕು. ಇದಕ್ಕೆ ಒಂದು ಉಪಾಯವಿದೆ: ಅದೇ ಯಂತ್ರದಲ್ಲಿ ಅಮೆರಿಕದ ಇನ್ನೊಂದು ಖಾತೆ ತೆರೆದು, ಗಿಫ್ಟ್ ಕಾರ್ಡ್‌ನಿಂದ ಅಲ್ಲಿ ಡಿಎಲ್‌ಸಿ ಕೊಂಡು, ಆ ಖಾತೆಯ ಮೂಲಕ ಯಂತ್ರದಲ್ಲಿ ಹಂಚಿಕೊಳ್ಳುವುದು. ಮಾಡಬಹುದು, ಮಾಡುವವರೂ ಇದ್ದಾರೆ, ಆದರೆ ಎರಡು ಖಾತೆಗಳ ಸಂಸಾರ ಎಲ್ಲರಿಗೂ ಒಗ್ಗುವುದಿಲ್ಲ.

ಕಡಲಾಚೆ ಕನ್ನಡಿಗ:

ದುಬೈನಲ್ಲಿರುವವರ ಕಡೆಯಿಂದಲೂ ಒಂದು ಮಾತು. «ಬರುವಾಗ ಎರಡು ಆಟ ತಂದುಬಿಡಣ್ಣ» ಎಂಬ ಸಂದೇಶ ಬಾರದೆ ನಮ್ಮ ಯಾವ ರಜೆಯೂ ಶುರುವಾಗುವುದಿಲ್ಲ. ಇಲ್ಲಿ ವ್ಯಾಟ್ ಶೇ 5 ಮಾತ್ರ, ಸ್ವಿಚ್ ಆಟಗಳು ಸಾಮಾನ್ಯ ಸೂಪರ್ ಮಾರ್ಕೆಟ್‌ನಲ್ಲೂ ಸಿಗುತ್ತವೆ, ಆದ್ದರಿಂದ ನ್ಯಾಷನಲ್ ಮಾರ್ಕೆಟ್‌ನವರು ಹೇಳುವ «ದುಬೈ ಪೀಸ್» ಕಟ್ಟುಕಥೆಯೇನಲ್ಲ. ಆದರೆ ತರುವವರ ಕಷ್ಟವನ್ನೂ ನೆನಪಿಡಬೇಕು. 2016ರ ಬ್ಯಾಗೇಜ್ ನಿಯಮಗಳು ಪ್ರಯಾಣಿಕನೊಬ್ಬನಿಗೆ ಸುಂಕವಿಲ್ಲದೆ ತರಲು ₹50,000ದ ಮಿತಿ ಇಟ್ಟವು, ಅದನ್ನು ಮೀರಿದ ಮೌಲ್ಯಕ್ಕೆ ಶೇ 35 ಸುಂಕ ಮತ್ತು ಅದರ ಮೇಲಿನ ಸರ್ಚಾರ್ಜ್ ಸೇರಿ ಶೇ 38.5 ಕಟ್ಟಬೇಕಾಗುತ್ತಿತ್ತು. ಇಂಥ ಮಿತಿಗಳು ಆಗಾಗ್ಗೆ ಬದಲಾಗುವುದರಿಂದ ಹೊರಡುವ ಮುನ್ನ ಕಸ್ಟಮ್ಸ್ ಇಲಾಖೆಯ ಜಾಲತಾಣ ನೋಡಿಕೊಳ್ಳುವುದು ಕ್ಷೇಮ. ಒಂದು ಸ್ವಿಚ್ 2, ಮೂರು ನಾಲ್ಕು ಆಟ, ಅತ್ತೆಯವರಿಗೆ ಒಂದು ಫೋನು ಎಂದು ಸೇರಿಸುತ್ತಾ ಹೋದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ನೀವೇ ಊಹಿಸಿ. ಒಂದೇ ಆಟದ ಹತ್ತು ಸೀಲ್ಡ್ ಪ್ರತಿಗಳು ಸೂಟ್‌ಕೇಸ್‌ನಲ್ಲಿ ಕಂಡರೆ ಅದು ಸ್ವಂತ ಬಳಕೆಗೆ ಎಂದು ಯಾವ ಅಧಿಕಾರಿಯೂ ನಂಬುವುದಿಲ್ಲ.

ಆಟಗಳನ್ನು ಕೈಯಲ್ಲೇ ತರಿಸಿ ಎಂದೇ ನನ್ನ ಸಲಹೆ. ಕೊರಿಯರ್ ಲೆಕ್ಕ ಬೇರೆಯೇ ಇದೆ, ತಿಳಿದವರು ಹೇಳಲಿ.

ಬಿಲ್ ಆಫ್ ಎಂಟ್ರಿ:

ಕಸ್ಟಮ್ಸ್ ಕಾಗದಪತ್ರಗಳ ಕೆಲಸವೇ ನನ್ನ ಹೊಟ್ಟೆಪಾಡು, ಆದ್ದರಿಂದ ಹೇಳುತ್ತೇನೆ. ಸ್ವಂತ ಬಳಕೆಗೆಂದು ಅಂಚೆ ಅಥವಾ ಕೊರಿಯರ್ ಮೂಲಕ ಬರುವ ವಸ್ತುಗಳಿಗೆ ಸುಂಕ ಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ, ಅದರ ದರ ವ್ಯಾಪಾರಿಗಳು ತರುವ ಸರಕಿನ ದರಕ್ಕಿಂತ ಭಾರವಾಗಿರುತ್ತಾ ಬಂದಿದೆ. ಕೆಲವು ವರ್ಷ ಜಾರಿಯಲ್ಲಿದ್ದ ಲೆಕ್ಕ ಹೀಗಿತ್ತು: ಮೂಲ ಸುಂಕ ಶೇ 35, ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, ಇವೆರಡನ್ನೂ ವಸ್ತುವಿನ ಮೌಲ್ಯಕ್ಕೆ ಕೂಡಿಸಿ ಬಂದ ಮೊತ್ತದ ಮೇಲೆ ಶೇ 28 ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. ₹4,000ದ ಆಟಕ್ಕೆ ಸುಂಕ ₹1,400, ಸರ್ಚಾರ್ಜ್ ₹140, ಐಜಿಎಸ್‌ಟಿ ₹1,551, ಒಟ್ಟು ₹7,091. ಇಲ್ಲಿ ಮೌಲ್ಯ ಎಂದರೆ ಸಾಗಣೆ ವೆಚ್ಚ ಮತ್ತು ವಿಮೆಯೂ ಸೇರಿದ ಮೌಲ್ಯ, ಆದ್ದರಿಂದ ಕೊರಿಯರ್ ಬಾಡಿಗೆಗೂ ತೆರಿಗೆ ಬೀಳುತ್ತದೆ. ಇದರ ಮೇಲೆ ಕೊರಿಯರ್ ಕಂಪನಿ ತನ್ನ ಸೇವಾಶುಲ್ಕವನ್ನೂ ವಸೂಲು ಮಾಡುತ್ತದೆ. ಬಜೆಟ್‌ಗಳಲ್ಲಿ ದರ ಬದಲಾಗುತ್ತಿರುತ್ತದೆ, ಆದರೆ ಲೆಕ್ಕದ ಮೇಲೆ ಲೆಕ್ಕ ಏರುವ ಕ್ರಮ ಇದೇ.

«ಗಿಫ್ಟ್ ಎಂದು ಬರೆಸಿದರೆ ಸುಂಕ ಬೀಳುವುದಿಲ್ಲ» ಎಂಬ ಮಾತು ಈಗಲೂ ಓಡಾಡುತ್ತಿದೆ. ₹5,000ವರೆಗಿನ ಉಡುಗೊರೆಗಳಿಗಿದ್ದ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದುಹಾಕಲಾಗಿದೆ, ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಗಳಿಗೆ ಮಾತ್ರ. ಬೆಲೆಯನ್ನು ಕಡಿಮೆ ತೋರಿಸುವ ಮಾರಾಟಗಾರನನ್ನು ಉಪಕಾರಿ ಎಂದು ಭಾವಿಸಬೇಡಿ. ಅಧಿಕಾರಿಗಳು ಪಾರ್ಸೆಲ್ ತೆರೆದು ಅಂತರ್ಜಾಲದ ಬೆಲೆಯನ್ನೇ ಹಿಡಿದರೆ ವಿವರಣೆ ಕೊಡಬೇಕಾದವರು ಪಾರ್ಸೆಲ್ ಮೇಲಿರುವ ಹೆಸರಿನವರು, ಅಂದರೆ ನೀವು.

ಅಂಗಡಿ ಬಾಗಿಲು:

ಮೈಸೂರಿನಲ್ಲಿ ಚಿಕ್ಕದೊಂದು ಗೇಮ್ ಅಂಗಡಿ ನಡೆಸುತ್ತಿರುವವನಾಗಿ ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಗ್ರಾಹಕರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ, «ನಿನ್ನೆ ರಾತ್ರಿಯೇ ಯೂಟ್ಯೂಬ್‌ನಲ್ಲಿ ಎಲ್ಲರೂ ಆಡುತ್ತಿದ್ದಾರೆ, ನಿಮ್ಮಲ್ಲಿ ಡಿಸ್ಕ್ ಏಕೆ ಇಲ್ಲ?» ಎಂಬುದು. ಡಿಸ್ಕ್‌ಗಳು ಹೊರದೇಶದಲ್ಲಿ ತಯಾರಾಗಿ, ವಿತರಕರ ಗೋದಾಮಿಗೆ ಬಂದು, ಸ್ಟಿಕ್ಕರ್ ಹಚ್ಚಿಸಿಕೊಂಡು, ಆಮೇಲೆ ಊರೂರಿಗೆ ಹಂಚಿಕೆಯಾಗುತ್ತವೆ. ವಿತರಕರು ಎಷ್ಟು ಪ್ರತಿ ಬೇಕೆಂದು ಬಿಡುಗಡೆಗೆ ಬಹಳ ಮುಂಚೆಯೇ ಲೆಕ್ಕ ಕೊಡಬೇಕು. ಕ್ರಿಕೆಟ್ ಅಥವಾ ಫುಟ್‌ಬಾಲ್ ಆಟವಾದರೆ ಧೈರ್ಯವಾಗಿ ಹೆಚ್ಚು ತರಿಸುತ್ತಾರೆ, ಜಪಾನಿನ ಪಾತ್ರಾಭಿನಯದ ಆಟವಾದರೆ ಮೊದಲ ಪಾಲು ಮುಂಬೈ, ದೆಹಲಿ, ಬೆಂಗಳೂರಿಗೇ ಮುಗಿದುಹೋಗುತ್ತದೆ. ಮೈಸೂರಿಗೆ ಎರಡು ಪ್ರತಿ ಬಂದರೆ ಅದೂ ಹಬ್ಬವೇ.

ಸ್ಟಿಕ್ಕರ್ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ. ಪೊಟ್ಟಣಗಳಲ್ಲಿ ಮಾರುವ ಸರಕುಗಳ ಬಗ್ಗೆ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ, ಆಮದಾದ ಸರಕನ್ನು ಚಿಲ್ಲರೆ ಮಾರಾಟಕ್ಕಿಡುವಾಗ ಆಮದುದಾರನ ಹೆಸರು, ವಿಳಾಸ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಕೊಡಬೇಕಾದ ದೂರವಾಣಿ ಅಥವಾ ಇಮೇಲ್, ಇವೆಲ್ಲ ಅದರ ಮೇಲೆ ಇರಬೇಕು. ಡಬ್ಬಿಯ ಬೆನ್ನಿನ ಬಿಳಿ ಚೀಟಿ ಇದೇ. ಪ್ಲಾಸ್ಟಿಕ್ ಸುತ್ತಿನ ಮೇಲೆ ಅಂಟಿಸಿರುವುದರಿಂದ ಹಲವರು ಸೀಲ್ ಒಡೆಯುವಾಗ ಅದನ್ನೂ ಹರಿದು ಬಿಸಾಡುತ್ತಾರೆ. ಹಾಗೆ ಮಾಡದೆ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಡಿಸ್ಕ್ ಓದದಿದ್ದರೆ ನಾನು ಆ ಚೀಟಿಯಲ್ಲಿರುವ ವಿಳಾಸಕ್ಕೆ ಕಳುಹಿಸಿ ಬದಲಿ ತರಿಸಬಲ್ಲೆ. ಚೀಟಿಯಿಲ್ಲದ ಡಿಸ್ಕ್ ತಂದು ಬದಲಾಯಿಸಿ ಎಂದರೆ ಯಾರ ಬಾಗಿಲು ತಟ್ಟಲಿ?

ಕನ್ಸೋಲ್‌ಗಳ, ಅಂದರೆ ಗೇಮ್ ಯಂತ್ರಗಳ, ಮೇಲಿನ ಜಿಎಸ್‌ಟಿ ಮೊದಲು ಶೇ 28 ಇದ್ದದ್ದು 2018ರ ಡಿಸೆಂಬರ್‌ನ ಮಂಡಳಿ ಸಭೆಯ ತೀರ್ಮಾನದಿಂದ ಶೇ 18ಕ್ಕೆ ಇಳಿಯಿತು. ಬಿಲ್ ಇಲ್ಲದೆ ಮಾರುವವರೊಂದಿಗೆ ಪೈಪೋಟಿ ಮಾಡಲು ನಮಗೆ ಅಷ್ಟಾದರೂ ಉಸಿರು ಬಂದಂತಾಯಿತು. ಆದರೂ ನಿಂಟೆಂಡೊ ವಿಷಯದಲ್ಲಿ ನಾನು ಗ್ರಾಹಕರಿಗೆ ಕಾಯಿರಿ ಎಂದು ಹೇಳುವುದಿಲ್ಲ. ಹೇಳಲು ನನ್ನ ಬಳಿ ದಿನಾಂಕವೇ ಇಲ್ಲ.

ಇಬ್ಬರ ಅಮ್ಮ:

ನನ್ನದು ಸಣ್ಣ ಪ್ರಶ್ನೆ. ಮಕ್ಕಳಿಗಾಗಿ ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಸ್ವಿಚ್ ಆಟ ಕೊಂಡಿದ್ದೆ. ಚಿತ್ರದಲ್ಲಿ ಇಂಗ್ಲಿಷ್ ಹೊದಿಕೆ ಇತ್ತು, ಬಂದದ್ದು ಜಪಾನಿ ಹೊದಿಕೆಯದು. ಮಾರಾಟಗಾರರು «ಒಳಗೆ ಇಂಗ್ಲಿಷ್ ಇದೆ, ಹಾಕಿ ನೋಡಿ ಮೇಡಂ» ಎಂದು ಹೇಳಿ ಸುಮ್ಮನಾದರು. ಪುಣ್ಯಕ್ಕೆ ಇಂಗ್ಲಿಷ್ ಇತ್ತು. ಇದನ್ನು ಮೊದಲೇ ತಿಳಿಯುವ ದಾರಿ ಇದೆಯೇ? ಬಳಸಿದ ಕಾರ್ಟ್ರಿಜ್‌ಗಳು (ಸ್ವಿಚ್ ಆಟ ಬರುವ ಪುಟ್ಟ ಕಾರ್ಡ್) ಅಗ್ಗವಾಗಿ ಸಿಗುತ್ತವೆ, ಅವನ್ನು ಕೊಳ್ಳಬಹುದೇ?

ಹಳೇ ಕಾರ್ಟ್ರಿಜ್:

ಅಮ್ಮನವರೇ, ಸ್ವಿಚ್‌ನ ಕಾರ್ಟ್ರಿಜ್‌ಗಳಿಗೆ ಪ್ರದೇಶದ ಬೀಗವಿಲ್ಲ, ಇದು ನಮ್ಮಂಥ ದೇಶದವರ ಪಾಲಿಗೆ ದೊಡ್ಡ ಉಪಕಾರ. ಹಿಂದಿನ 3ಡಿಎಸ್, ವೀ ಮತ್ತು ವೀ ಯು ಯಂತ್ರಗಳಲ್ಲಿ ಅಮೆರಿಕದ ಯಂತ್ರಕ್ಕೆ ಅಮೆರಿಕದ ಆಟವೇ ಬೇಕಾಗುತ್ತಿತ್ತು, ನೆಂಟರು ಜಪಾನಿನಿಂದ ತಂದದ್ದು ಷೋಕೇಸ್‌ಗೆ ಮಾತ್ರ ಲಾಯಕ್ಕಾಗುತ್ತಿತ್ತು. ಈಗ ಉಳಿದಿರುವುದು ಭಾಷೆಯ ಪ್ರಶ್ನೆ. ಡಬ್ಬಿಯ ಹಿಂಬದಿಯ ಕೆಳಭಾಗದಲ್ಲಿ ಬೆಂಬಲಿತ ಭಾಷೆಗಳ ಪಟ್ಟಿಯನ್ನು ನೋಡಬಹುದು, ಜಪಾನಿನ ಈಶಾಪ್ ಪುಟದಲ್ಲೂ ಅದು ಸಿಗುತ್ತದೆ. ನಿಂಟೆಂಡೊದ ಸ್ವಂತ ಆಟಗಳಲ್ಲಿ ಹೆಚ್ಚಿನವು ಎಲ್ಲ ಭಾಷೆಗಳನ್ನೂ ಒಂದೇ ಕಾರ್ಟ್ರಿಜ್‌ನಲ್ಲಿ ಇಟ್ಟಿರುತ್ತವೆ, ಬೇರೆ ಪ್ರಕಾಶಕರ ಆಟಗಳಲ್ಲಿ ಆ ಭರವಸೆ ಇಲ್ಲ.

ಸ್ವಿಚ್ 2ರ ಆಟ ಕೊಳ್ಳುವಾಗ ಹೊದಿಕೆಯ ಮುಂಭಾಗದ ಕೆಳ ಅಂಚನ್ನು ಓದಿ. ಅಲ್ಲಿ «ಗೇಮ್-ಕೀ ಕಾರ್ಡ್» ಎಂಬ ಸೂಚನೆ ಇದ್ದರೆ ಕಾರ್ಟ್ರಿಜ್‌ನೊಳಗೆ ಆಟ ಇರುವುದಿಲ್ಲ. ಅದೊಂದು ಕೀಲಿ ಮಾತ್ರ, ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. ಬಳಸಿದ ಕಾರ್ಟ್ರಿಜ್ ವಿಷಯದಲ್ಲಿ ಎಚ್ಚರ ಬೇಕು: ಪ್ರತಿ ಕಾರ್ಟ್ರಿಜ್‌ಗೂ ಪ್ರತ್ಯೇಕ ಗುರುತು ಇರುವುದರಿಂದ, ಹಿಂದಿನವರು ಅದರ ನಕಲು ತೆಗೆದು ಹಂಚಿದ್ದರೆ ಅದೇ ಗುರುತು ಎರಡು ಕಡೆ ಆನ್‌ಲೈನ್‌ನಲ್ಲಿ ಕಾಣಿಸಿಕೊಂಡು ನಿಮ್ಮ ಯಂತ್ರಕ್ಕೆ ನಿಷೇಧ ಬೀಳಬಹುದು. ಸ್ವಿಚ್ 2 ಬಂದ ಮೇಲೆ ಹೊರದೇಶಗಳಲ್ಲಿ ಹೀಗಾದವರು ಖರೀದಿಯ ದಾಖಲೆ ತೋರಿಸಿ ಸರಿಪಡಿಸಿಕೊಂಡದ್ದುಂಟು. ಆದ್ದರಿಂದ ಬಿಲ್ ಕೊಡದವರ ಬಳಿ ಬಳಸಿದ ಆಟ ಬೇಡ.

ಕಾಯ್ದೆ ಪುಸ್ತಕ:

ಆಮದು ಮಾಡಿದ ಆಟ ಆಡುವುದು ಕಾನೂನುಬಾಹಿರ ಎಂದು ಕೆಲವರು ಬೇರೆಡೆ ಬರೆಯುತ್ತಿರುವುದನ್ನು ಕಂಡು ಈ ಟಿಪ್ಪಣಿ. ಇದನ್ನು ಸಾಮಾನ್ಯ ಮಾಹಿತಿ ಎಂದಷ್ಟೇ ತೆಗೆದುಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 51ನೇ ಕಲಂ ಉಲ್ಲಂಘನೆಯ ಪ್ರತಿಗಳ ಆಮದನ್ನು ತಡೆಯುತ್ತದೆ, ಆದರೆ ಆಮದು ಮಾಡಿಕೊಂಡವರ ಖಾಸಗಿ ಮತ್ತು ಗೃಹಬಳಕೆಗೆ ಒಂದು ಪ್ರತಿಯನ್ನು ತರಿಸುವುದಕ್ಕೆ ಆ ತಡೆ ಅನ್ವಯಿಸುವುದಿಲ್ಲ ಎಂದು ಅದೇ ಕಲಮಿನ ಪರಂತುಕ ಹೇಳುತ್ತದೆ. ಅಸಲಿ ಆಟದ ಒಂದು ಪ್ರತಿಯನ್ನು ಮನೆಯಲ್ಲಿ ಆಡಲು ತರಿಸಿದವರು ಹೆದರಬೇಕಾದ ಕಾರಣ ನನಗೆ ಕಾಣುವುದಿಲ್ಲ.

ವ್ಯಾಪಾರದ ಪ್ರಶ್ನೆ ಇಷ್ಟು ಸರಳವಲ್ಲ. ಟ್ರೇಡ್‌ಮಾರ್ಕ್ ದೃಷ್ಟಿಯಿಂದ, ಸ್ಯಾಮ್‌ಸಂಗ್ ಪ್ರಿಂಟರ್‌ಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ 2012ರಲ್ಲಿ ಅಸಲಿ ಸರಕಿನ ಸಮಾನಾಂತರ ಆಮದಿಗೆ ಅವಕಾಶವಿದೆ ಎಂದಿತು. ಜೊತೆಗೆ, ಇದು ಆಮದು ಸರಕು, ಇದಕ್ಕೆ ಮೂಲ ಸಂಸ್ಥೆಯ ವಾರಂಟಿ ಇಲ್ಲ ಎಂದು ಅಂಗಡಿಯಲ್ಲಿ ಎದ್ದುಕಾಣುವಂತೆ ಫಲಕ ಹಾಕಬೇಕೆಂದೂ ಆದೇಶಿಸಿತು. ಕೃತಿಸ್ವಾಮ್ಯದ ದೃಷ್ಟಿಯಿಂದ ಅದೇ ಹೈಕೋರ್ಟ್ 2009ರಲ್ಲಿ, ಅಮೆರಿಕದಲ್ಲಿ ಸಕ್ರಮವಾಗಿ ಕೊಂಡ ಸಿನಿಮಾ ಡಿವಿಡಿಗಳನ್ನು ಇಲ್ಲಿ ಬಾಡಿಗೆಗೆ ಕೊಡುವುದು ಉಲ್ಲಂಘನೆ ಎಂದು ತೀರ್ಮಾನಿಸಿತ್ತು. ಆದ್ದರಿಂದ ತರಿಸಿ ಆಡುವವರಿಗೂ ತರಿಸಿ ಬಾಡಿಗೆಗೆ ಬಿಡುವವರಿಗೂ ಕಾನೂನಿನ ಮುಂದೆ ಅಜಗಜಾಂತರವಿದೆ. ದುಬೈ ಪೀಸ್ ಮಾರುವ ಅಂಗಡಿಗಳಲ್ಲಿ ವಾರಂಟಿ ಇಲ್ಲ ಎಂಬ ಫಲಕವನ್ನು ನಾನಂತೂ ಇನ್ನೂ ಕಂಡಿಲ್ಲ.

ಧಾರವಾಡ ಪೇಡೆ:

ವಕೀಲರ ಮಾತಿನಿಂದ ನನ್ನ ವಾದಕ್ಕೆ ಬಲವೇ ಬಂದಿದೆ. ತರಿಸುವುದು ಅಪರಾಧವಲ್ಲ, ಆದರೆ ಕೆಟ್ಟರೆ ಕೇಳುವವರಿಲ್ಲ. ಕನ್ಸೋಲ್‌ಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪಿಎಸ್5 ಆಟಗಳನ್ನು ಕೈಯಲ್ಲಿ ಹಿಡಿದು ಆಡುವ ಸಾಧನ ಪ್ಲೇಸ್ಟೇಷನ್ ಪೋರ್ಟಲ್ 2023ರ ನವೆಂಬರ್‌ನಲ್ಲಿ ಬಂದಾಗ ನಮ್ಮ ಬಳಗದಲ್ಲೇ ಕೆಲವರು ಹೊರಗಿನಿಂದ ದುಬಾರಿ ಬೆಲೆಗೆ ತರಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಅದು ₹18,990ಕ್ಕೆ ವಾರಂಟಿ ಸಮೇತ ಇಲ್ಲೇ ಸಿಕ್ಕಿತು.

ಹಳೇ ಕಾರ್ಟ್ರಿಜ್:

ಪೇಡೆಯವರೇ, ಪೋರ್ಟಲ್ ಬಂತು, ಒಪ್ಪುತ್ತೇನೆ. ಪಿಎಸ್5ನ ಹೆಚ್ಚು ಸಾಮರ್ಥ್ಯದ ಆವೃತ್ತಿ ಪಿಎಸ್5 ಪ್ರೊ ಕಥೆ ಏನಾಯಿತು? 2024ರ ನವೆಂಬರ್ 7ರಂದು ಅದು ಬಿಡುಗಡೆಯಾದಾಗ, ವೈಫೈಗೆ 6 ಗಿಗಾಹರ್ಟ್ಸ್ ತರಂಗಪಟ್ಟಿಯ ಬಳಕೆಗೆ ಅನುಮತಿ ಇಲ್ಲದ ದೇಶಗಳಲ್ಲಿ ಅದನ್ನು ಮಾರುವುದಿಲ್ಲವೆಂದು ಸೋನಿ ಹೇಳಿತು, ಆ ಪಟ್ಟಿಯಲ್ಲಿ ಭಾರತವೂ ಇತ್ತು. ಪೋರ್ಟಲ್‌ನಂತೆ ಹತ್ತು ತಿಂಗಳಲ್ಲಿ ಬಂದೀತು ಎಂದು ಕಾದು ಕುಳಿತವರಿಗೆ ತಡ ಏಕೆಂಬ ಕಾರಣವಾದರೂ ಗೊತ್ತಿರಬೇಕು. ವಿತರಕರ ಗೋದಾಮಿನ ತಡವಾದರೆ ಕಾಯಬಹುದು. ಸರ್ಕಾರದ ಪರವಾನಗಿಯ ತಡವಾದರೆ ಅದಕ್ಕೆ ಕೊನೆ ಯಾವಾಗ ಎಂದು ಮಾರುವ ಸಂಸ್ಥೆಯೂ ಹೇಳಲಾರದು.

ಒಸಾಕಾ ಮೆಟ್ರೊ:

ಜಪಾನ್ ಪ್ರವಾಸಕ್ಕೆ ಬರುವ ನಮ್ಮವರಿಗೆ ಒಂದು ಎಚ್ಚರಿಕೆ. ಇಲ್ಲಿ ಸ್ವಿಚ್ 2 ಎರಡು ಬಗೆಯಲ್ಲಿ ಬಂದಿದೆ: ಜಪಾನಿ ಭಾಷೆಗೆ ಮಾತ್ರ ಸೀಮಿತವಾದದ್ದು 49,980 ಯೆನ್, ಬಹುಭಾಷೆಯದು 69,980 ಯೆನ್, ಬಿಡುಗಡೆಯ ಹೊತ್ತಿನ ಬೆಲೆ ಇದು. ಮೊದಲನೆಯದು ರೂಪಾಯಿ ಲೆಕ್ಕದಲ್ಲಿ ₹30,000ದ ಆಸುಪಾಸಿಗೆ ಬರುವುದರಿಂದ ಪ್ರವಾಸಿಗರು ಆಸೆಪಟ್ಟು ಕೊಳ್ಳುತ್ತಾರೆ. ಅದರ ಸಿಸ್ಟಂ ಭಾಷೆಯನ್ನು ಬದಲಾಯಿಸಲು ಬರುವುದಿಲ್ಲ, ಜಪಾನ್ ಎಂದು ನಮೂದಿಸಿದ ನಿಂಟೆಂಡೊ ಖಾತೆಯನ್ನು ಮಾತ್ರ ಅದಕ್ಕೆ ಜೋಡಿಸಬಹುದು. ಪ್ರದೇಶದ ಬೀಗ ಹೋಯಿತು ಎಂದು ಸಂತೋಷಪಡುತ್ತಿರುವಾಗಲೇ ಅದು ಹೊಸ ವೇಷದಲ್ಲಿ ಬಂದಿದೆ.

ಇನ್ನೊಂದು ಸಂಗತಿ: ಜಪಾನಿನ ವಯೋಮಿತಿ ಪ್ರಮಾಣೀಕರಣ ಬಿಗಿಯಾಗಿರುವುದರಿಂದ ಕೆಲವು ಭಯಾನಕ ಆಟಗಳ ಜಪಾನಿ ಆವೃತ್ತಿಯಲ್ಲಿ ರಕ್ತಪಾತದ ದೃಶ್ಯಗಳನ್ನು ತಗ್ಗಿಸಿರುತ್ತಾರೆ. ಅಗ್ಗವೆಂದು ಇಲ್ಲಿಂದ ಕೊಂಡೊಯ್ದವರು ಆಮೇಲೆ ಗೊಣಗುವುದನ್ನು ಕೇಳಿದ್ದೇನೆ.

ಜಯನಗರ ಜಾಯ್‌ಸ್ಟಿಕ್:

ಎಲ್ಲರಿಗೂ ಕೃತಜ್ಞತೆಗಳು. ಪಿಎಸ್5 ಆಟಗಳನ್ನು ಇಲ್ಲಿಯೇ ಸ್ಟಿಕ್ಕರ್ ನೋಡಿ ಕೊಳ್ಳುವುದೆಂದೂ, ಸ್ವಿಚ್ 2 ಮತ್ತು ಅದರ ಎರಡು ಆಟಗಳನ್ನು ಭಾವಮೈದುನನ ಕೈಯಲ್ಲೇ ಬಿಲ್ ಸಮೇತ ತರಿಸುವುದೆಂದೂ ತೀರ್ಮಾನಿಸಿದ್ದೇನೆ. ಕೊನೆಯದಾಗಿ ಒಂದು: ಅಮೆರಿಕದ ಕಾರ್ಟ್ರಿಜ್‌ಗೆ ಡಿಎಲ್‌ಸಿ ಬೇಕಾದಾಗ ಯಾವ ದೇಶದ ಈಶಾಪ್‌ಗೆ ಹೋಗಬೇಕು? ನನ್ನ ಕಾರ್ಡ್‌ನಿಂದ ಹಣ ಕಟ್ಟಲು ಆಗುತ್ತದೆಯೇ?

ಕಡಲಾಚೆ ಕನ್ನಡಿಗ:

ಕಾರ್ಟ್ರಿಜ್ ಯಾವ ಪ್ರದೇಶದ್ದೋ ಅದೇ ಪ್ರದೇಶದ ಈಶಾಪ್‌ಗೆ ಹೋಗಬೇಕು, ನಿಮಗಾದರೆ ಅಮೆರಿಕದ್ದು. ಪ್ಲೇಸ್ಟೇಷನ್‌ನಂತಲ್ಲದೆ ನಿಂಟೆಂಡೊ ಖಾತೆಯ ದೇಶವನ್ನು ಆಮೇಲೂ ಬದಲಾಯಿಸಬಹುದು, ಆದರೆ ಖಾತೆಯಲ್ಲಿ ಹಣ ಉಳಿದಿದ್ದರೆ ಬಿಡುವುದಿಲ್ಲ, ಆದ್ದರಿಂದ ಬೇಕಾದಷ್ಟೇ ತುಂಬಿಸಿ. ಭಾರತದ ಕಾರ್ಡ್‌ಗಳಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು, 2020ರ ಮಾರ್ಚ್‌ನಿಂದ ಹೊಸ ಕಾರ್ಡ್‌ಗಳು ಅದನ್ನು ಮುಚ್ಚಿಕೊಂಡೇ ಬರುತ್ತವೆ. ತೆರೆದರೂ ಕೆಲವು ಸಲ ಅಂಗಡಿಯೇ ಕಾರ್ಡ್ ತಿರಸ್ಕರಿಸುತ್ತದೆ, ಹಾಗಾದಾಗ ಡಾಲರ್ ಗಿಫ್ಟ್ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ಭಾವಮೈದುನನಿಗೆ ಅದನ್ನೂ ಒಂದು ಅಂಗಡಿಯಲ್ಲೇ ಕೊಂಡು, ಹಿಂಬದಿಯ ಸಂಕೇತದ ಫೋಟೊ ಕಳುಹಿಸಲು ಹೇಳಿ, ಅದಕ್ಕೆ ಸೂಟ್‌ಕೇಸ್ ಬೇಕಾಗಿಲ್ಲ.